ಪ್ರಯಾಣದ ಕೀಲುಗಳು

ಮುಂಬಯಿಯ ಕನ್ನಡದ ಮನೆಗಳಲ್ಲಿ ‘ಊರಿಗೆ ಹೋಗುವುದು’ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಮನೆ ಡೊಂಬಿವಲಿಯಲ್ಲಿರಲಿ, ನೆರೂಲಿನಲ್ಲಿರಲಿ, ಮೀರಾರೋಡಿನಲ್ಲಿರಲಿ, ಚೌತಿಗೋ ದೈವದ ನೇಮಕ್ಕೋ ಮೇ ತಿಂಗಳ ಮದುವೆಗೋ ಚೀಲ ಕಟ್ಟಿದರೆ ಒಂದೋ ಕೊಂಕಣ ರೈಲು, ಇಲ್ಲವೆ ಪುಣೆ, ಮೀರಜ್ ದಾಟಿ ಬೆಳಗಾವಿ, ಹುಬ್ಬಳ್ಳಿಯ ದಾರಿ. ಈಗ ಇದೇ ಮನೆಗಳಿಗೆ ಇನ್ನೊಂದು ಪ್ರಯಾಣವೂ ರೂಢಿಯಾಗಿದೆ. ಊರಿನಿಂದ ಅಪ್ಪ-ಅಮ್ಮನನ್ನು ಕರೆಸಿಕೊಂಡು, ಎರಡು ದಿನ ಮನೆಯಲ್ಲಿಟ್ಟುಕೊಂಡು, ಸಹಾರ್ ವಿಮಾನ ನಿಲ್ದಾಣದಿಂದ ದುಬೈಗೋ ಅಮೆರಿಕಕ್ಕೋ ಮಗಳ ಮನೆಗೆ ಕಳಿಸುವುದು.

ಎರಡರಲ್ಲೂ ಎಲ್ಲರೂ ಹೆದರುವುದು ಉದ್ದದ ಭಾಗಕ್ಕೆ. ಇಡೀ ರಾತ್ರಿಯ ರೈಲು, ಹದಿನೈದು ಗಂಟೆಯ ವಿಮಾನ. ಆದರೆ ಒಮ್ಮೆ ಹತ್ತಿ ಕುಳಿತ ಮೇಲೆ ಅಲ್ಲಿ ಕೆಡುವುದು ಕಡಿಮೆ. ಗಾಡಿಯ ಅಚ್ಚು ಮುರಿಯುವುದು ಅಪರೂಪ, ಕೀಲು ಕಳಚುವುದೇ ಹೆಚ್ಚು. ಪ್ರಯಾಣದಲ್ಲಿ ಕೀಲೆಂದರೆ ಒಂದು ತಾರೀಖು ಇನ್ನೊಂದಕ್ಕೆ ಸೇರುವ ನಡುರಾತ್ರಿ, ಒಂದು ಟಿಕೆಟ್ಟು ಮುಗಿದು ಇನ್ನೊಂದು ಶುರುವಾಗುವ ಜಾಗ, ಸ್ಟೇಷನ್ನಿನಿಂದ ಊರೊಳಗಿನ ಕೊನೆಯ ಮೂರು ಮೈಲಿ, ಪಾಸ್‌ಪೋರ್ಟಿನ ಹೆಸರು ಟಿಕೆಟ್ಟಿನ ಹೆಸರನ್ನು ಮುಟ್ಟುವ ಸಾಲು. ತಯಾರಿಯ ಸಮಯವನ್ನೆಲ್ಲ ಅಲ್ಲಿಗೇ ಹಾಕಬೇಕು.

ಎಲ್ಲಕ್ಕಿಂತ ಸುಲಭವಾಗಿ ಕಳಚುವುದು ನಡುರಾತ್ರಿಯ ಕೀಲು. ಮುಂಬಯಿಯಿಂದ ಯುರೋಪಿಗೆ, ಅಮೆರಿಕಕ್ಕೆ ಹೋಗುವ ಎಷ್ಟೋ ವಿಮಾನಗಳು ಹೊರಡುವುದು ರಾತ್ರಿ ಹನ್ನೆರಡರ ಮೇಲೆ. ಟಿಕೆಟ್ಟಿನಲ್ಲಿ 15ನೇ ತಾರೀಖು 00:40 ಎಂದಿದ್ದರೆ ಮನೆಯಿಂದ ಹೊರಡಬೇಕಾದದ್ದು 14ರ ಸಂಜೆ. ‘ಹದಿನೈದರ ರಾತ್ರಿ ಫ್ಲೈಟು’ ಎಂದು ಬಾಯಲ್ಲಿ ಹೇಳಿಕೊಂಡು ಹೋದರೆ ಊರಿನ ರೈಲು, ಟ್ಯಾಕ್ಸಿ, ಬೀಳ್ಕೊಡಲು ಬರುವ ನೆಂಟರು, ಎಲ್ಲವೂ ಒಂದು ದಿನ ತಡವಾಗಿ ಕೂಡಿಕೊಳ್ಳುತ್ತವೆ. ಅಷ್ಟರಲ್ಲಿ ವಿಮಾನ ಹೋಗಿ ಇಡೀ ದಿನವಾಗಿರುತ್ತದೆ. ಹಾಗಾಗಿ ಕ್ಯಾಲೆಂಡರಿನಲ್ಲಿ ವಿಮಾನದ ತಾರೀಖನ್ನು ಬರೆಯಲೇಬೇಡಿ. ‘14, ಮಂಗಳವಾರ, ಸಂಜೆ 7ಕ್ಕೆ ಮನೆ ಬಿಡುವುದು’ ಎಂದು ಬರೆಯಿರಿ. ಟಿಕೆಟ್ಟಿನಲ್ಲಿ ತಲುಪುವ ಸಮಯದ ಪಕ್ಕದಲ್ಲಿ ‘+1’ ಇದ್ದರೆ ಅದು ಮರುದಿನ. ಹೋಟೆಲ್ ರೂಮು, ಕರೆದೊಯ್ಯಲು ಬರುವವರು, ಎರಡೂ ಆ ಮರುದಿನಕ್ಕೆ ಹೊಂದಿರಬೇಕು.

ಇದೇ ಕೀಲು ರೈಲಿನ ತತ್ಕಾಲ್ ಟಿಕೆಟ್ಟಿನಲ್ಲೂ ಇದೆ, ಗೊತ್ತಿರುವವರು ಕಡಿಮೆ. ತತ್ಕಾಲ್ ತೆರೆಯುವುದು ಪ್ರಯಾಣದ ಹಿಂದಿನ ದಿನ, ಎಸಿ ದರ್ಜೆಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ. ಆದರೆ ಆ ‘ಹಿಂದಿನ ದಿನ’ವನ್ನು ಎಣಿಸುವುದು ಗಾಡಿ ತಾನು ಹೊರಡುವ ಮೂಲ ಸ್ಟೇಷನ್ನಿನ ತಾರೀಖಿನಿಂದ, ನೀವು ಹತ್ತುವ ಸ್ಟೇಷನ್ನಿನದರಿಂದ ಅಲ್ಲ. ಕೇರಳದಲ್ಲಿ 9ರಂದು ಹೊರಟ ಗಾಡಿ ನಡುರಾತ್ರಿ ದಾಟಿ 10ರಂದು ನಿಮ್ಮ ಊರಿಗೆ ಬರುವುದಾದರೆ ತತ್ಕಾಲ್ ತೆರೆಯುವುದು 8ರ ಬೆಳಿಗ್ಗೆ. 9ರಂದು ಕಂಪ್ಯೂಟರ್ ಮುಂದೆ ಕುಳಿತವರಿಗೆ ಸಿಗುವುದು ಉಳಿದಿದ್ದರೆ ಉಳಿದದ್ದು. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಖಾತೆಯ ಆಧಾರ್ ದೃಢೀಕರಣವೂ ಬೇಕು. ಅದನ್ನು ಆ ದಿನ ಬೆಳಿಗ್ಗೆ ಮಾಡಲು ಹೋಗಬೇಡಿ, ವಾರ ಮೊದಲೇ ಮುಗಿಸಿಡಿ. ಖಚಿತವಾದ ತತ್ಕಾಲ್ ಟಿಕೆಟ್ಟನ್ನು ರದ್ದು ಮಾಡಿದರೆ ಹಣ ಹಿಂದಿರುಗುವುದಿಲ್ಲ.

ಸಾಧಾರಣ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನ ಮುಂಚೆ ತೆರೆಯುತ್ತದೆ, ಪ್ರಯಾಣದ ದಿನವನ್ನು ಬಿಟ್ಟು ಎಣಿಸಿ. ಸೆಪ್ಟೆಂಬರ್ 12ಕ್ಕೆ ಹೊರಡಬೇಕಾದರೆ ಜುಲೈ 14ರ ಬೆಳಿಗ್ಗೆ 8 ಗಂಟೆ. ಚೌತಿಯ ಸಮಯದಲ್ಲಿ ಕೊಂಕಣ ದಾರಿಯಲ್ಲಿ ನಮ್ಮ ಪೈಪೋಟಿ ಬರೀ ಊರಿನವರ ಜೊತೆಗಲ್ಲ. ರತ್ನಾಗಿರಿ, ಕುಡಾಳ, ಸಾವಂತವಾಡಿಯ ಮನೆಗಳಿಗೆ ಗಣಪತಿಗೆಂದು ಮುಂಬಯಿಯಿಂದ ಇಳಿಯುವ ಜನಸಾಗರವೂ ಅದೇ ಗಾಡಿಗಳಲ್ಲಿರುತ್ತದೆ. ರೈಲ್ವೆಯವರು ವಿಶೇಷ ಗಾಡಿಗಳನ್ನು ಬಿಡುತ್ತಾರೆ, ಅವುಗಳಲ್ಲಿ ಹಲವು ಗೋವಾ ದಾಟಿ ಬರುವುದಿಲ್ಲ. ಮಡಗಾಂವ್ ತನಕದ ಸೀಟು ಸಿಕ್ಕಿತೆಂದು ಹೊರಟರೆ ಮುಂದಿನ ಭಾಗಕ್ಕೆ ಇನ್ನೊಂದು ಟಿಕೆಟ್ಟು, ಇನ್ನೊಂದು ಕೀಲು. ಕೈಯಲ್ಲಿ ಮಕ್ಕಳಿದ್ದರೆ ಅದಕ್ಕಿಂತ ಎರಡು ದಿನ ಹಿಂದೆಮುಂದೆ ಮಾಡಿಕೊಂಡು ನೇರ ಗಾಡಿಯನ್ನೇ ಹಿಡಿಯುವುದು ಮೇಲು.

ಹಿರಿಯರಿಗೆ ಕೆಳಗಿನ ಬರ್ತ್ ಸಿಗದಿರುವುದಕ್ಕೆ ಬಹಳ ಸಲ ಕಾರಣ ನಾವೇ. ಲೋವರ್ ಬರ್ತ್ ಕೋಟಾ ಗಂಡಸರಿಗೆ 60, ಹೆಂಗಸರಿಗೆ 45 ವರ್ಷದಿಂದ ಇದೆ. ಆದರೆ ಆ ಟಿಕೆಟ್ಟಿನಲ್ಲಿ ಅಂಥವರು ಒಬ್ಬರೋ ಇಬ್ಬರೋ ಮಾತ್ರ ಇರಬೇಕು. ಮಗ, ಸೊಸೆ, ಮೊಮ್ಮಗ ಎಲ್ಲರನ್ನೂ ಒಂದೇ ಟಿಕೆಟ್ಟಿಗೆ ಸೇರಿಸಿದ ಕೂಡಲೇ ಆ ಕೋಟಾ ಕೈಬಿಡುತ್ತದೆ. ಅಪ್ಪ-ಅಮ್ಮನ ಟಿಕೆಟ್ಟನ್ನು ಬೇರೆ ಮಾಡಿ, ಕೋಟಾದ ಪಟ್ಟಿಯಲ್ಲಿ ಲೋವರ್ ಬರ್ತ್ ಎಂಬುದನ್ನು ಆರಿಸಿ, ನಿಮ್ಮದನ್ನು ಅದೇ ಬೋಗಿಯಲ್ಲಿ ಸಿಗುವಂತೆ ಕೂಡಲೇ ಮಾಡಿ. ಬೇರೆ ಬೋಗಿಯಾದರೂ ಪರವಾಗಿಲ್ಲ. ಎಪ್ಪತ್ತು ದಾಟಿದವರು ನಡುಬರ್ತಿಗೆ ಹತ್ತಿ ಇಳಿಯುವುದಕ್ಕಿಂತ ನೀವು ನಾಲ್ಕು ಬೋಗಿ ನಡೆದು ಬಂದು ನೋಡಿಕೊಂಡು ಹೋಗುವುದು ವಾಸಿ. ಆನ್‌ಲೈನ್ ಟಿಕೆಟ್ಟು ಚಾರ್ಟ್, ಅಂದರೆ ಸೀಟು ಹಂಚಿದ ಕೊನೆಯ ಪಟ್ಟಿ, ಆದ ಮೇಲೂ ಪೂರ್ತಿ ವೇಟಿಂಗಿನಲ್ಲೇ ಉಳಿದರೆ ತಾನಾಗಿ ರದ್ದಾಗುತ್ತದೆ, ಅದನ್ನು ಹಿಡಿದು ಗಾಡಿ ಹತ್ತುವಂತಿಲ್ಲ. ಚಾರ್ಟ್ ಈಗ ಮೊದಲಿನಂತೆ ಹೊರಡುವ ನಾಲ್ಕು ಗಂಟೆ ಮುಂಚೆ ಅಲ್ಲ, ಅದಕ್ಕಿಂತ ಎಷ್ಟೋ ಬೇಗ ಆಗುವುದರಿಂದ ಬಸ್ಸಿನ ದಾರಿ ನೋಡಲು ಸಮಯ ಸಿಗುತ್ತದೆ.

ಮುಂಬಯಿಯಲ್ಲಿ ಯಾವ ಸ್ಟೇಷನ್ನಿನಿಂದ ಹೊರಡುವುದೆಂದು ಟಿಕೆಟ್ಟಿನಲ್ಲಿ ಎರಡು ಸಲ ನೋಡಿ. ಮಂಗಳೂರಿನ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹೊರಡುವುದು ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ. ಹಳಬರು ಅದನ್ನು ಈಗಲೂ ಕುರ್ಲಾ ಟರ್ಮಿನಸ್ ಎನ್ನುತ್ತಾರೆ, ಆದರೆ ಲೋಕಲ್ಲಿನಲ್ಲಿ ಬರುವವರಿಗೆ ಹಾರ್ಬರ್ ಲೈನಿನ ತಿಲಕ್‌ನಗರ ಹತ್ತಿರ. ಮಂಗಳೂರು ಜಂಕ್ಷನ್ನಿನ ಸೂಪರ್‌ಫಾಸ್ಟ್ ಹೊರಡುವುದು ಸಿಎಸ್‌ಎಂಟಿ, ಅಂದರೆ ಹಳೆಯ ವಿ.ಟಿ.ಯಿಂದ. ನವಿ ಮುಂಬಯಿಯವರಿಗೆ ಪನ್ವೇಲ್, ಕಲ್ಯಾಣ-ಡೊಂಬಿವಲಿಯವರಿಗೆ ಠಾಣೆ. ಬೊರಿವಲಿ, ಭಾಯಂದರ್ ಕಡೆಯವರು ಪೂರ್ವಕ್ಕೆ ದಾಟುವ ಬದಲು ಗುಜರಾತ್, ರಾಜಸ್ಥಾನದಿಂದ ವಸಾಯಿ ರೋಡ್ ಮೂಲಕ ಕೇರಳಕ್ಕೆ ಹೋಗುವ ಗಾಡಿಗಳನ್ನು ನೋಡಬಹುದು. ಅವು ದಿನವೂ ಇಲ್ಲ, ಕರ್ನಾಟಕದಲ್ಲಿ ನಿಲ್ಲುವ ಸ್ಟೇಷನ್ನುಗಳೂ ಕಡಿಮೆ. ಹತ್ತುವ ಸ್ಟೇಷನ್ನನ್ನು ಪನ್ವೇಲ್‌ಗೆ ಬದಲಾಯಿಸಿದರೆ ಮತ್ತೆ ಹಿಂದಿನ ಸ್ಟೇಷನ್ನಿನಲ್ಲಿ ಹತ್ತುವ ಹಕ್ಕು ಇರುವುದಿಲ್ಲ, ಇದನ್ನು ಮನೆಯವರಿಗೆಲ್ಲ ಹೇಳಿಡಿ.

ಇಳಿಯುವ ಕಡೆಯ ಕೀಲು ಇನ್ನೂ ಸಡಿಲ. ರೋಹಾದಿಂದ ಮಂಗಳೂರು ಹತ್ತಿರದ ತೋಕೂರು ತನಕ ಸುಮಾರು 740 ಕಿಲೋಮೀಟರ್ ಹಾಸಿದ ಕೊಂಕಣ ರೈಲು 1998ರಲ್ಲಿ ಪೂರ್ತಿಯಾದಾಗ, ಬಹಳ ಕಡೆ ಹಳಿ ಪೇಟೆಯನ್ನು ಮುಟ್ಟದೆ ಗುಡ್ಡದ ಬದಿಯಲ್ಲೇ ಹೋಯಿತು. ಹಾಗಾಗಿ ಸ್ಟೇಷನ್ನಿನ ಹೆಸರು ಊರಿನದಾದರೂ ಜಾಗ ಬೇರೆ. ಕಾರವಾರ ಸ್ಟೇಷನ್ ಇರುವುದು ಶಿರವಾಡದಲ್ಲಿ, ಉಡುಪಿಯದು ಇಂದ್ರಾಳಿಯಲ್ಲಿ, ಕುಂದಾಪುರದ್ದು ಮೂಡ್ಲಕಟ್ಟೆಯಲ್ಲಿ. ‘ಗೋಕರ್ಣ ರೋಡ್’, ‘ಮೂಕಾಂಬಿಕಾ ರೋಡ್’ ಎಂಬ ಹೆಸರಿನಲ್ಲಿರುವ ರೋಡ್ ಎಂಬ ಶಬ್ದವನ್ನು ಗಂಭೀರವಾಗಿ ತೆಗೆದುಕೊಳ್ಳಿ. ಎರಡನೆಯದು ಬೈಂದೂರು, ಅಲ್ಲಿಂದ ಕೊಲ್ಲೂರಿಗೆ ಇನ್ನೂ ಮುಕ್ಕಾಲು ಗಂಟೆಯ ದಾರಿ. ನಸುಕಿನ ಮೂರು ಗಂಟೆಗೆ ಇಳಿದರೆ ಹೊರಗೆ ರಿಕ್ಷಾ ಇರಬಹುದು, ಇಲ್ಲದಿರಬಹುದು. ಹಿಂದಿನ ಸಂಜೆಯೇ ಊರಿನ ರಿಕ್ಷಾದವರಿಗೆ ಫೋನು ಮಾಡಿ ಗಾಡಿ ನಂಬರ್ ಕೊಟ್ಟಿಡುವುದು ಒಳ್ಳೆಯದು, ತಡವಾದರೆ ಅವರೇ ಮೊಬೈಲಿನಲ್ಲಿ ನೋಡಿಕೊಂಡು ಬರುತ್ತಾರೆ. ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುವುದು ಎರಡೇ ನಿಮಿಷ. ಹಿಂದಿನ ಸ್ಟೇಷನ್ ಬಿಟ್ಟ ಕೂಡಲೇ ಚೀಲಗಳು ಬಾಗಿಲ ಹತ್ತಿರ ಇರಬೇಕು, ಹಿರಿಯರು ಮೊದಲು ಇಳಿಯಬೇಕು, ಸಾಮಾನು ಆಮೇಲೆ. ಮಂಗಳೂರಿನಲ್ಲಿ ಸೆಂಟ್ರಲ್ ಬೇರೆ, ಜಂಕ್ಷನ್ ಬೇರೆ. ಮತ್ಸ್ಯಗಂಧ ಸೆಂಟ್ರಲ್ಲಿಗೆ ಹೋಗುತ್ತದೆ. ಮುಂಬಯಿಯಿಂದ ಕೇರಳಕ್ಕೆ ಮುಂದುವರಿಯುವ ಗಾಡಿಗಳು ಹಳೆಯ ಕಂಕನಾಡಿ, ಅಂದರೆ ಜಂಕ್ಷನ್ನಿನಲ್ಲಿ ನಿಂತು ಹಾಗೇ ಮುಂದೆ ಹೋಗುತ್ತವೆ.

ಮಳೆಗಾಲದ ಮಾತೇ ಬೇರೆ. ಕೊಂಕಣ ರೈಲಿಗೆ ಮಳೆಗಾಲದ್ದೇ ಒಂದು ವೇಳಾಪಟ್ಟಿ ಇದೆ. ಹಲವು ವರ್ಷ ಅದು ಜೂನ್ 10ರಿಂದ ಅಕ್ಟೋಬರ್ 31ರ ತನಕ ಇತ್ತು, 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಇಳಿಯಿತು. ಗುಡ್ಡವನ್ನು ಕಡಿದು ಮಾಡಿದ ದಾರಿ. ಮುರಕಲ್ಲು ಮತ್ತು ಕೆಂಪು ಮಣ್ಣು ನೀರು ಕುಡಿದು ಭಾರವಾದಾಗ ಬದು ಜಾರುತ್ತದೆ, ಬಂಡೆ ಸಡಿಲಾಗುತ್ತದೆ. ಅದಕ್ಕೇ ವೇಗ ಇಳಿಸುತ್ತಾರೆ. ಜಡಿಮಳೆಯಲ್ಲಿ ಮುಂದೆ ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರಿಗಿಂತ ಹೆಚ್ಚು ಓಡಿಸಬಾರದೆಂಬ ಸೂಚನೆಯಿದೆ. ರಾತ್ರಿಯಿಡೀ ಹಳಿಯ ಮೇಲೆ ಕಾವಲುಗಾರರು ನಡೆಯುತ್ತಿರುತ್ತಾರೆ. ಬಹುಪಾಲು ಒಂಟಿ ಹಳಿಯಾದ್ದರಿಂದ ಒಂದು ಗಾಡಿ ತಡವಾದರೆ ಎದುರಿನದೂ ಕಾಯುತ್ತದೆ. ನಿಧಾನವಾಯಿತೆಂದು ಸಿಡುಕುವವರು ಆ ಕಾವಲುಗಾರರ ಟಾರ್ಚಿನ ಬೆಳಕನ್ನೊಮ್ಮೆ ಕಿಟಕಿಯಿಂದ ನೋಡಬೇಕು. ಪ್ರಯಾಣಿಕರು ನೆನಪಿಡಬೇಕಾದದ್ದು ಇಷ್ಟು: ಊರಿನಿಂದ ಮುಂಬಯಿಗೆ ಮರಳುವ ಗಾಡಿ ಮಳೆಗಾಲದಲ್ಲಿ ಎಂದಿನ ಸಮಯಕ್ಕಿಂತ ಬೇಗ ಹೊರಡಬಹುದು. ಬೇಸಿಗೆಯ ಸಮಯವನ್ನು ಬಾಯಿಪಾಠ ಮಾಡಿಕೊಂಡವರೇ ಆಗ ಗಾಡಿ ತಪ್ಪಿಸಿಕೊಳ್ಳುವುದು. ಮತ್ತೆ, ಬೆಳಿಗ್ಗೆ ರೈಲಿನಲ್ಲಿ ಬಂದಿಳಿದು ಅದೇ ರಾತ್ರಿ ವಿದೇಶದ ವಿಮಾನ ಹತ್ತುವ ಲೆಕ್ಕವನ್ನು ಜೂನ್‌ನಿಂದ ಅಕ್ಟೋಬರ್ ತನಕ ಹಾಕಲೇಬಾರದು. ನಡುವೆ ಒಂದು ರಾತ್ರಿ ಮುಂಬಯಿಯಲ್ಲಿ ಮಲಗಲಿ.

ಪುಣೆಯವರಿಗೂ ಇದೇ ಮಾತು. ಪುಣೆಯಿಂದ ಸಹಾರ್‌ಗೆ ಸುಮಾರು 150 ಕಿಲೋಮೀಟರ್, ಎಕ್ಸ್‌ಪ್ರೆಸ್‌ವೇ ಖಾಲಿ ಇದ್ದರೆ ಮೂರೂವರೆ ಗಂಟೆ. ಶುಕ್ರವಾರ ಸಂಜೆ, ರಜೆಯ ಹಿಂದಿನ ದಿನ, ಬೋರ್‌ಘಾಟಿನಲ್ಲಿ ಒಂದು ಟ್ರಕ್ ಕೆಟ್ಟು ನಿಂತ ದಿನ, ಆ ಲೆಕ್ಕ ನಿಲ್ಲುವುದಿಲ್ಲ. ವಿಮಾನ ಹೊರಡುವುದಕ್ಕೆ ಎಂಟು ಗಂಟೆ ಮೊದಲು ಮನೆ ಬಿಟ್ಟರೆ ನೆಮ್ಮದಿ. ಬೇಗ ತಲುಪಿದರೆ ನಷ್ಟವೇನು, ಕುರ್ಚಿಯಲ್ಲಿ ಕುಳಿತು ಬುತ್ತಿ ಬಿಚ್ಚಬಹುದು.

ಈಗ ಮುಂಬಯಿಗೆ ವಿಮಾನ ನಿಲ್ದಾಣವೇ ಎರಡು. ಉಲ್ವೆಯ ನವಿ ಮುಂಬಯಿ ನಿಲ್ದಾಣ 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ, ಡಿಸೆಂಬರ್ 25ರಿಂದ ವಿಮಾನಗಳು ಓಡತೊಡಗಿದವು. ಟಿಕೆಟ್ಟಿನಲ್ಲಿ ಹಳೆಯದಕ್ಕೆ ಬಿಓಎಂ, ಹೊಸದಕ್ಕೆ ಎನ್‌ಎಂಐ ಎಂಬ ಸಂಕೇತ. ಹಳೆಯದರಲ್ಲೂ ಸಾಂತಾಕ್ರೂಜ್ ಕಡೆಯ ಟರ್ಮಿನಲ್ 1 ದೇಶದೊಳಗಿನದು, ಸಹಾರ್‌ನ ಟರ್ಮಿನಲ್ 2ರಲ್ಲಿ ವಿದೇಶದ ಎಲ್ಲವೂ, ದೇಶದೊಳಗಿನ ಕೆಲವೂ. ಒಂದರಿಂದ ಇನ್ನೊಂದಕ್ಕೆ ಒಳಗಿನಿಂದ ನಡೆದು ಹೋಗುವಂತಿಲ್ಲ. ಮೆಟ್ರೊ 3ರಲ್ಲಿ ಎರಡಕ್ಕೂ ಬೇರೆ ಬೇರೆ ಸ್ಟೇಷನ್ ಇವೆ, ನಡುರಾತ್ರಿ ಮಾತ್ರ ಆ ಮೆಟ್ರೊ ಓಡುವುದಿಲ್ಲ. ಗೋವಾದಲ್ಲೂ ಹೀಗೇ, ದಕ್ಷಿಣಕ್ಕೆ ದಾಬೋಲಿ, ಉತ್ತರದ ತುದಿಗೆ 2023ರ ಜನವರಿಯಿಂದ ಮೋಪಾ. ವಾಸ್ಕೊದಲ್ಲಿರುವ ನೆಂಟರ ಮನೆಗೆ ಹೋಗುವವರು ಅಗ್ಗವೆಂದು ಮೋಪಾಕ್ಕೆ ಟಿಕೆಟ್ಟು ತೆಗೆದರೆ ಉಳಿಸಿದ ಹಣ ಟ್ಯಾಕ್ಸಿಗೇ ಹೋಗುತ್ತದೆ.

ಮಂಗಳೂರಿನಿಂದ ಮುಂಬಯಿಗೆ ಒಂದು ಟಿಕೆಟ್ಟು, ಮುಂಬಯಿಯಿಂದ ಲಂಡನ್ನಿಗೆ ಬೇರೊಂದು ಕಂಪನಿಯ ಟಿಕೆಟ್ಟು ಎಂದರೆ ಮೊದಲಿನದು ತಡವಾದದ್ದಕ್ಕೆ ಎರಡನೆಯವರು ಹೊಣೆಯಲ್ಲ. ನೀವು ಬರಲಿಲ್ಲ ಎಂದು ಬರೆದುಕೊಂಡು ಬಾಗಿಲು ಹಾಕುತ್ತಾರೆ. ಎರಡೂ ಒಂದೇ ಪಿಎನ್‌ಆರ್, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿದ್ದರೆ ಮುಂದಿನ ವಿಮಾನಕ್ಕೆ ಸೇರಿಸುವ ಹೊಣೆ ಅವರದು, ಚೀಲವೂ ನೇರ ಹೋಗುತ್ತದೆ. ಎರಡು ಮೂರು ಸಾವಿರದ ಆಸೆಗೆ ಟಿಕೆಟ್ಟು ತುಂಡು ಮಾಡುವುದು ನನಗೆ ಸರಿಕಾಣುವುದಿಲ್ಲ. ಮಾಡಲೇಬೇಕಾದರೆ ಆರು ಗಂಟೆಯ ಅಂತರ ಇರಲಿ. ವಿದೇಶದ ನಡುಊರಿನಲ್ಲಿ ಹೀಗೆ ತುಂಡಾದರೆ ಚೀಲ ಹಿಡಿಯಲು ಆ ದೇಶದೊಳಕ್ಕೇ ಹೊಕ್ಕು ಬರಬೇಕು, ಅದಕ್ಕೆ ವೀಸಾ ಬೇಕಾಗಬಹುದು. ಮರಳುವಾಗ ಇನ್ನೊಂದು: ನ್ಯೂಯಾರ್ಕಿನಿಂದ ಮಂಗಳೂರಿಗೆ ಒಂದೇ ಟಿಕೆಟ್ಟಿದ್ದರೂ ಭಾರತದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿ ಇಮಿಗ್ರೇಷನ್ ಮುಗಿಸಿ, ಸಾಮಾನ್ಯವಾಗಿ ಚೀಲವನ್ನೂ ಬೆಲ್ಟಿನಿಂದ ತೆಗೆದು ಕಸ್ಟಮ್ಸ್ ದಾಟಿಸಿ ಮತ್ತೆ ಒಪ್ಪಿಸಬೇಕು. ‘ಚೀಲ ನೇರ ಊರಿಗೆ ಬರುತ್ತದೆ’ ಎಂದು ಹಾಗೇ ಮುಂದೆ ನಡೆದರೆ ಚೀಲ ಮುಂಬಯಿಯಲ್ಲೇ ಸುತ್ತುತ್ತಿರುತ್ತದೆ. ಮದುವೆಗೆಂದು ಮೈಮೇಲೆ ಹೆಚ್ಚು ಚಿನ್ನ ಹಾಕಿಕೊಂಡು ಹೊರಡುವವರು ಹೋಗುವಾಗಲೇ ಕಸ್ಟಮ್ಸಿನವರಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಬರುವಾಗ ಪ್ರಶ್ನೆ ಇರುವುದಿಲ್ಲ.

ಹೆಸರಿನ ಕೀಲು ನಮ್ಮವರಿಗೇ ವಿಶೇಷವಾದದ್ದು. ಕರಾವಳಿಯ ಶೆಟ್ಟಿ, ಪೂಜಾರಿ, ಸಾಲಿಯಾನರಿಗೆ ತೊಂದರೆ ಕಡಿಮೆ. ಮೈಸೂರು, ಹಾಸನ ಕಡೆಯವರಿಗೆ ಇನಿಷಿಯಲ್ಲುಗಳು, ಅವುಗಳ ಹಿಂದೆ ಊರು ಮತ್ತು ಅಪ್ಪನ ಹೆಸರು. ಎಷ್ಟೋ ಹಳಬರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಇರುವುದೊಂದೇ ಹೆಸರು. ಒಂದೇ ಹೆಸರಿನ ಪಾಸ್‌ಪೋರ್ಟಿಗೆ 2022ರ ನವೆಂಬರಿನಿಂದ ಯುಎಇಯವರು ಪ್ರವಾಸಿ ಮತ್ತು ವಿಸಿಟ್ ವೀಸಾದಲ್ಲಿ ತಡೆ ಹಾಕಿದರು, ಪಾಸ್‌ಪೋರ್ಟಿನಲ್ಲೇ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಒಪ್ಪುತ್ತೇವೆ ಎಂದು ಆಮೇಲೆ ಸಡಿಲಿಸಿದರು. ಗಿವನ್ ನೇಮ್, ಅಂದರೆ ಸ್ವಂತ ಹೆಸರಿನ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಆ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಬೀಳುತ್ತದೆ, ಹೆಸರು ಗೊತ್ತಿಲ್ಲ ಎಂಬ ಅರ್ಥದಲ್ಲಿ. ಮುಂಬಯಿಯಲ್ಲಿ ಇನ್ನೂ ಒಂದು ಪದರ ಸೇರುತ್ತದೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಶಾಲೆಯಲ್ಲಿ ಮರಾಠಿ ಪದ್ಧತಿಯಂತೆ ನಡುವೆ ಅಪ್ಪನ ಹೆಸರು. ಊರಿನ ದಾಖಲೆಯಲ್ಲಿ ಅದಿಲ್ಲ. ಮದುವೆಯಾಗಿ ಬಂದ ಹೆಂಗಸರ ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು, ಎಸ್‌ಎಸ್‌ಎಲ್‌ಸಿ ಪಟ್ಟಿಯಲ್ಲಿ ಅಪ್ಪನದು. ಟಿಕೆಟ್ಟಿಗೂ ವೀಸಾ ಅರ್ಜಿಗೂ ಪಾಸ್‌ಪೋರ್ಟೇ ಆಧಾರ, ಅದರಲ್ಲಿರುವ ಅಕ್ಷರಗಳನ್ನು ಒಂದೊಂದಾಗಿ ನೋಡಿ ತುಂಬಿ. ಮನೆಯಲ್ಲಿ ಕರೆಯುವ ಹೆಸರು, ಆಧಾರಿನ ಹೆಸರು ಎರಡೂ ಬೇಡ. ಪಾಸ್‌ಪೋರ್ಟ್ ನವೀಕರಿಸುವಾಗಲೇ ಸರ್‌ನೇಮನ್ನು ಬೇರ್ಪಡಿಸಿಕೊಂಡರೆ ಮುಂದಿನ ಹತ್ತು ವರ್ಷ ನೆಮ್ಮದಿ. ಮರಳುವ ದಿನದಾಚೆಗೆ ಆರು ತಿಂಗಳಾದರೂ ಅವಧಿ ಉಳಿದಿರಲಿ.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದಲ್ಲಿ ಜನ ಎಡವುವುದು ಎಣಿಕೆಯಲ್ಲಿ. ಯಾವುದೇ 180 ದಿನದಲ್ಲಿ 90 ದಿನ ಮಾತ್ರ, ಹೊಕ್ಕ ದಿನವೂ ಹೊರಬಿದ್ದ ದಿನವೂ ಸೇರಿ. ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು, ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ವಿಮೆ ಕನಿಷ್ಠ 30,000 ಯೂರೋದ್ದು. ಅಮೆರಿಕದ ವೀಸಾ ಹತ್ತು ವರ್ಷದ್ದಾದರೂ ಎಷ್ಟು ದಿನ ಇರಬಹುದೆಂದು ತೀರ್ಮಾನವಾಗುವುದು ಅಲ್ಲಿ ಇಳಿದಾಗ. ಆ ತಾರೀಖು ಐ-94 ಎಂಬ ದಾಖಲೆಯಲ್ಲಿರುತ್ತದೆ. ಅಪ್ಪ-ಅಮ್ಮ ಇಳಿದ ವಾರದಲ್ಲೇ ಮಗಳು ಅದನ್ನು ಆನ್‌ಲೈನಿನಲ್ಲಿ ತೆಗೆದು ನೋಡಿ, ಮರಳುವ ಟಿಕೆಟ್ಟು ಅದರೊಳಗೇ ಇದೆಯೇ ಎಂದು ಖಚಿತಮಾಡಿಕೊಳ್ಳಲಿ.

ಚೀಲದೊಳಗಿನ ಮಾತಿಗೆ ಬಂದರೆ, ನಮ್ಮ ಅಡುಗೆಮನೆಯ ಎರಡು ಸಾಮಾನುಗಳೇ ಅಪಾಯದವು. ಮೊದಲನೆಯದು ಗಸಗಸೆ. ಯುಎಇ, ಸೌದಿ, ಸಿಂಗಪುರದಲ್ಲಿ ಅದು ಮಾದಕ ವಸ್ತುಗಳ ಕಾನೂನಿಗೆ ಸಿಗುತ್ತದೆ. ಪಾಯಸಕ್ಕೆಂದು ಕಟ್ಟಿದ ನೂರು ಗ್ರಾಂ ಪೊಟ್ಟಣವೂ ಜೈಲಿನ ಮಾತಾಗಬಹುದು. ಬಿಸಿಬೇಳೆಬಾತಿನ ಪುಡಿಗೆ ಗಸಗಸೆ ಹಾಕುವ ಮನೆಗಳಿವೆ, ಆ ದೇಶಗಳಿಗೆ ಹಾಕದೆ ಬೇರೆ ಪುಡಿ ಮಾಡಿ. ಎರಡನೆಯದು ಒಣ ಕೊಬ್ಬರಿ. ಅದರ ಎಣ್ಣೆ ಗಾಳಿಗೆ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದೆಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದನ್ನು ಅಪಾಯದ ಸರಕುಗಳಲ್ಲಿ ಸೇರಿಸಿದ್ದಾರೆ. ಗಿಟುಕುಗಳನ್ನು ಚೀಲದಲ್ಲಿಟ್ಟರೆ ಸ್ಕ್ಯಾನಿಂಗಿನಲ್ಲಿ ಕಂಡು ಚೀಲವನ್ನೇ ತಡೆಯುತ್ತಾರೆ. ಹಸಿ ಕರಿಬೇವನ್ನು ಅಮೆರಿಕದೊಳಗೆ ಬಿಡುವುದಿಲ್ಲ, ನಿಂಬೆ ಜಾತಿಯ ಗಿಡಗಳಿಗೆ ರೋಗ ತರುವ ಕೀಟದ ಭಯ. ಹಪ್ಪಳ, ಸಂಡಿಗೆ, ಹುರಿದು ಮಾಡಿದ ಪುಡಿಗಳಿಗೆ ಸಾಮಾನ್ಯವಾಗಿ ತಕರಾರಿಲ್ಲ. ಆದರೂ ಫಾರಂನಲ್ಲಿ ತಿನ್ನುವ ಸಾಮಾನು ಇದೆಯೇ ಎಂದು ಕೇಳಿದಾಗ ಇದೆ ಎಂದೇ ಬರೆಯಬೇಕು. ಆಸ್ಟ್ರೇಲಿಯಾದಲ್ಲಿ ಹೇಳಿ ಕಳೆದುಕೊಂಡರೆ ಹೋಗುವುದು ಒಂದು ಪೊಟ್ಟಣ, ಬಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ ದಂಡ.

ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ದ್ರವದ ಲೆಕ್ಕಕ್ಕೆ ಬರುತ್ತವೆ, 100 ಮಿಲಿಲೀಟರಿಗಿಂತ ದೊಡ್ಡ ಡಬ್ಬಿ ದಾಟುವುದಿಲ್ಲ. ದೊಡ್ಡ ಚೀಲಕ್ಕೆ ಹಾಕಿ. ಬಾಯಿಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಮುಚ್ಚಳ, ಸುತ್ತ ಟೇಪು, ಎರಡು ಚೀಲದೊಳಗೆ, ಕೊನೆಗೆ ಸ್ಟೀಲ್ ಡಬ್ಬದಲ್ಲಿ ನೆಟ್ಟಗೆ. ಎಣ್ಣೆ ಮೇಲೆ ನಿಂತ ಉಪ್ಪಿನಕಾಯಿಯಾದರೆ ಮೇಲಿನ ಎಣ್ಣೆಯನ್ನು ಬಸಿದುಬಿಡಿ. 23 ಕಿಲೋ ಮಿತಿಯಿದ್ದರೆ ಮನೆಯ ತಕ್ಕಡಿಯಲ್ಲಿ 22ಕ್ಕೆ ನಿಲ್ಲಿಸಿ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್ ಅನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74, ಮಿತಿಯೊಳಗೇ ಇದೆ. ಔಷಧಿಗಳೂ ಕೈಚೀಲದಲ್ಲಿ, ಅವುಗಳ ಸ್ಟ್ರಿಪ್ಪಿನಲ್ಲೇ, ಬ್ರಾಂಡ್ ಹೆಸರಿನ ಜೊತೆ ಮೂಲ ಹೆಸರೂ ಇರುವ ವೈದ್ಯರ ಚೀಟಿಯೊಂದಿಗೆ. ಇನ್ಸುಲಿನ್ ದೊಡ್ಡ ಚೀಲಕ್ಕೆ ಹೋದರೆ ಹೆಪ್ಪುಗಟ್ಟಿ ಹಾಳಾಗಬಹುದು. ಕೊಡೀನ್, ಟ್ರಮಡಾಲ್ ಇರುವ ಮಾತ್ರೆಗಳಿಗೆ ಯುಎಇಯಲ್ಲಿ ಮೊದಲೇ ಅನುಮತಿ ಬೇಕು. ವಿಮೆ ಮಾಡಿಸುವಾಗ ಬಿಪಿ, ಶುಗರ್ ಇರುವುದನ್ನು ಮುಚ್ಚಿಡಬೇಡಿ, ಕ್ಲೇಮ್ ನಿಲ್ಲುವುದು ಅಲ್ಲಿಯೇ.

ಇನ್ನು ಹಿರಿಯರು ಒಬ್ಬರೇ ಹೋಗುವಾಗ. ನಿಲ್ದಾಣದ ಬಾಗಿಲಲ್ಲಿ ಟಿಕೆಟ್ಟು ಮತ್ತು ಪಾಸ್‌ಪೋರ್ಟ್ ತೋರಿಸಿದವರಿಗೆ ಮಾತ್ರ ಒಳಗೆ ಬಿಡುತ್ತಾರೆ. ಅಲ್ಲಿಂದ ಮುಂದೆ ನೀವು ಅವರ ಜೊತೆ ಇಲ್ಲ. ನಡೆಯಲು ಕಷ್ಟವಿದ್ದರೆ ವೀಲ್‌ಚೇರನ್ನು ಟಿಕೆಟ್ಟು ಮಾಡುವಾಗಲೇ ಕೇಳಿ, ತಡವಾದರೂ 48 ಗಂಟೆ ಮೊದಲು. ಚೆಕ್-ಇನ್ ಕೌಂಟರು ವಿದೇಶದ ವಿಮಾನಕ್ಕೆ 60 ನಿಮಿಷ ಮೊದಲು ಮುಚ್ಚುತ್ತದೆ, ಕೆಲವು ಕಂಪನಿಗಳದ್ದು ಅದಕ್ಕೂ ಮುಂಚೆ. ನಾಲ್ಕು ಗಂಟೆ ಮೊದಲು ಅವರು ಒಳಗಿರಲಿ.

ಅವರ ಕೈಗೆ ಒಂದು ಹಾಳೆ ಮಾಡಿಕೊಡಿ. ಅರ್ಧ ಕನ್ನಡದಲ್ಲಿ, ಅವರಿಗೆ: ಮೊದಲು ಚೀಲ ಕೊಡುವುದು, ಆಮೇಲೆ ಪಾಸ್‌ಪೋರ್ಟಿಗೆ ಮುದ್ರೆ, ಆಮೇಲೆ ಮೈ ತಪಾಸಣೆ, ಆಮೇಲೆ ಗೇಟು. ಬೋರ್ಡಿನಲ್ಲಿ ಊರಿನ ಹೆಸರಲ್ಲ, ವಿಮಾನದ ನಂಬರನ್ನು ಹುಡುಕುವುದು, ಏಕೆಂದರೆ ಒಂದೇ ಊರಿಗೆ ಎರಡು ವಿಮಾನ ಇರಬಹುದು, ಗೇಟೂ ಬದಲಾಗಬಹುದು. ನಡುವೆ ದೋಹಾದಲ್ಲಿ ಇಳಿದರೆ ಕೈಗಡಿಯಾರವನ್ನು ಎರಡೂವರೆ ಗಂಟೆ ಹಿಂದಕ್ಕೆ, ದುಬೈಯಾದರೆ ಒಂದೂವರೆ ಗಂಟೆ ಹಿಂದಕ್ಕೆ, ಟಿಕೆಟ್ಟಿನಲ್ಲಿರುವುದು ಆಯಾ ಊರಿನ ಸಮಯ. ಇನ್ನರ್ಧ ಇಂಗ್ಲಿಷಿನಲ್ಲಿ, ಅಧಿಕಾರಿಗೆ: ಯಾರ ಮನೆಗೆ, ಪೂರ್ತಿ ವಿಳಾಸ, ಮಗಳ ಫೋನ್ ನಂಬರ್, ಎಷ್ಟು ದಿನ, ಮರಳುವ ತಾರೀಖು, ಯಾವ ಔಷಧಿ, ಮತ್ತು ಇವರು ಕನ್ನಡ ಮಾತಾಡುತ್ತಾರೆ ಎಂಬ ಒಂದು ಸಾಲು. ಅಕ್ಷರ ದೊಡ್ಡದಿರಲಿ, ಕನ್ನಡಕ ಚೀಲದಲ್ಲಿದ್ದರೂ ಓದುವಂತೆ. ಎರಡು ಪ್ರತಿ ಮಾಡಿ. ಒಂದು ಪಾಸ್‌ಪೋರ್ಟಿನೊಳಗೆ, ಇನ್ನೊಂದು ಅಪ್ಪನ ಅಂಗಿಯ ಜೇಬಿನಲ್ಲಿ ಅಥವಾ ಅಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪರ್ಸಿನಲ್ಲಿ. ಕೈಚೀಲ ತಲೆಯ ಮೇಲಿನ ಗೂಡಿಗೆ ಹೋದ ಮೇಲೂ ಆ ಹಾಳೆ ಅವರ ಮೈಮೇಲೇ ಇರಬೇಕು.